ಲೈಸೆನ್ಸಿನ ವಯಸ್ಸು ಇಳಿಸುವ ಮುನ್ನ

ಸಾರಿಗೆ ಖಾತೆಯ ಮಾನ್ಯ ಸಚಿವರೇ,

ಹದಿನಾರು ತುಂಬಿದ ಮಕ್ಕಳಿಗೂ ದೊಡ್ಡ ಸ್ಕೂಟರಿನ ಲೈಸೆನ್ಸ್ ಕೊಡಬಹುದೇ ಎಂದು ತಾವು ಸಾರ್ವಜನಿಕರ ಅಭಿಪ್ರಾಯ ಕೇಳಿದ್ದೀರಿ. ಕೊಡಬೇಡಿ. ಕಳೆದ ಆಷಾಢದಲ್ಲಿ ಅಂಥದೊಂದು ಸ್ಕೂಟರು ಶಿವಮೊಗ್ಗದ ರಾಗಿಗುಡ್ಡದ ತಿರುವಿನಲ್ಲಿ ನನ್ನ ಹೆಂಡತಿ ಸುಷ್ಮಾಳನ್ನು ಕೊಂದಿತು. ಬೆಳಿಗ್ಗೆ ಸೊಪ್ಪು ತರಲು ರಸ್ತೆ ದಾಟುತ್ತಿದ್ದಳು. ಸ್ಕೂಟರ್ ಓಡಿಸುತ್ತಿದ್ದವಳು ಭದ್ರಾವತಿಯ ಅಕ್ಷರಾ. ಶಿವಮೊಗ್ಗದಲ್ಲಿ ಪಿಯುಸಿ ಓದುತ್ತಿದ್ದ, ಹದಿನಾರರ ಹುಡುಗಿ.

ಹೇಗಿದ್ದರೂ ಮಕ್ಕಳು ಓಡಿಸುತ್ತಾರೆ, ಕಾನೂನುಬದ್ಧ ಮಾಡಿಬಿಡೋಣ ಎಂಬುದು ತಮ್ಮ ಇಲಾಖೆಯ ವಾದವಂತೆ. ಎಂಥ ಸುಲಭದ ಉಪಾಯ! ತಪ್ಪನ್ನು ತಡೆಯುವ ಶ್ರಮವೇ ಬೇಡ, ಅದಕ್ಕೊಂದು ಕಾರ್ಡು ಕೊಟ್ಟರಾಯಿತು. ಅಕ್ಷರಾಳ ಬ್ಯಾಗಿನಲ್ಲಿ ಆ ಕಾರ್ಡು ಇದ್ದಿದ್ದರೆ ಸುಷ್ಮಾ ಸೊಪ್ಪು ಹಿಡಿದು ಮನೆಗೆ ಬರುತ್ತಿದ್ದಳೇ?

ಆ ಹುಡುಗಿಯನ್ನು ಬೈಯಲೆಂದೇ ನಾನು ಭದ್ರಾವತಿಗೆ ಹೋದೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಬಾಗಿಲು ತೆರೆದ ಅವಳ ತಾಯಿ ಭವಾನಿ, ಪೊಲೀಸ್ ಠಾಣೆಯಲ್ಲಿ ನನ್ನನ್ನು ನೋಡಿದ್ದವರು, ಗುರುತು ಹಿಡಿದು ಹಾಗೇ ಗೋಡೆಗೆ ಒರಗಿದರು.

"ಬೆಳಿಗ್ಗೆ ಬಸ್ಸು ನಿಲ್ಸೋದೇ ಇಲ್ಲ ಸಾರ್. ಫುಲ್ಲಾಗಿ ಬರುತ್ತೆ, ಕೈ ತೋರ್ಸಿದ್ರೂ ಹೋಗ್ತಾ ಇರುತ್ತೆ. ಕ್ಲಾಸು ತಪ್ಪುತ್ತೆ ಅಂತ ಅಳ್ತಿದ್ಲು, ನಾನೇ ಕೀ ಕೊಟ್ಟೆ. ಕೇಸು ನನ್ನ ಮೇಲಿದೆ, ಇರ್ಲಿ. ಅವಳು ಸರಿಯಾಗಿ ಊಟಾನೇ ಮಾಡ್ತಿಲ್ಲ."

ಅಕ್ಷರಾ ಒಳಗಿನಿಂದ ಬಂದಳು. ಕಾಲೇಜು ಬಿಟ್ಟಿದ್ದಾಳೆ. ಬೀದಿಯಲ್ಲಿ ಯಾವುದೋ ಹಾರ್ನ್ ಕೂಗಿದ್ದಕ್ಕೆ ಎರಡೂ ಕಿವಿ ಮುಚ್ಚಿಕೊಂಡಳು. ಬೈಯಲು ಬಂದಿದ್ದ ನಾನು ಹೋಗಿ ಬೀದಿಯ ಬಾಗಿಲು ಮುಚ್ಚಿದೆ.

"ಆಂಟಿ ನನ್ನ ನೋಡಿ ನಿಂತ್ಕೊಂಡ್ರು ಅಂಕಲ್," ಎಂದಳು. "ಗಾಬರೀಲಿ ಬ್ರೇಕ್ ಹಿಡಿಯೋ ಬದಲು ರೈಸ್ ಮಾಡ್ಬಿಟ್ಟೆ."

"ಗಾಡಿ ಯಾರಮ್ಮ ಕಲಿಸಿದ್ದು ನಿನಗೆ?"

"ಯಾರೂ ಇಲ್ಲ. ಗ್ರೌಂಡಲ್ಲಿ ನಾನೇ ಕಲ್ತೆ."

ಭವಾನಿ ಅಳುತ್ತಲೇ ತಟ್ಟೆ ಇಟ್ಟರು. ಸುಷ್ಮಾಳನ್ನು ಕೊಂದವಳ ಮನೆಯಲ್ಲಿ ಊಟವೇ ಎಂದು ಒಳಗೊಳಗೇ ಕುದಿಯಿತು. ಆದರೂ ಕೂತೆ. "ನೀನು ತಿಂದ್ರೆ ನಾನೂ ತಿಂತೀನಿ," ಎಂದೆ. ಆ ಮಗು ನನ್ನ ಮುಖ ನೋಡುತ್ತಾ ನಾಲ್ಕು ತುತ್ತು ನುಂಗಿತು. ನಾನೂ ತಿಂದೆ.

ಹೊರಡುವಾಗ ಬಾಗಿಲವರೆಗೂ ಬಂದಳು. "ಪೇಪರಲ್ಲಿ ಓದ್ದೆ ಅಂಕಲ್, ಹದಿನಾರಕ್ಕೇ ಲೈಸೆನ್ಸ್ ಕೊಡ್ತಾರಂತೆ. ಆಮೇಲೆ ನಾನು ಮಾಡಿದ್ದು ತಪ್ಪಲ್ಲ ಅಂತ ಆಗುತ್ತಾ?"

ಮಾನ್ಯರೇ, ವಯಸ್ಸನ್ನು ಇದ್ದಲ್ಲೇ ಬಿಡಿ. ಭದ್ರಾವತಿಯಿಂದ ಬೆಳಿಗ್ಗೆ ಇನ್ನೊಂದು ಬಸ್ಸು ಬಿಡಿ, ಅದು ಮಕ್ಕಳಿಗಾಗಿ ನಿಲ್ಲಲಿ. ಹದಿನೆಂಟಾದವರಿಗೂ ಬ್ರೇಕು ಹಿಡಿಯುವುದನ್ನು ಸರಿಯಾಗಿ ಕಲಿಸಿದ ಮೇಲೆಯೇ ಲೈಸೆನ್ಸ್ ಕೊಡಿ. ಇಷ್ಟಾದರೂ ಇಳಿಸಲೇಬೇಕು ಎಂದಿದ್ದರೆ, ಸಹಿ ಹಾಕುವ ಮುಂಚೆ ಅಕ್ಷರಾಳ ಮನೆಗೆ ಹೋಗಿ ಅವಳ ಪ್ರಶ್ನೆಗೆ ಉತ್ತರ ಹೇಳಿ ಬನ್ನಿ. ನನ್ನಿಂದ ಆಗಲಿಲ್ಲ.

ಇಂತಿ,
ಎರಡು ಅಭಿಪ್ರಾಯ ಬರಬೇಕಿದ್ದ ಮನೆಯಿಂದ ಒಂದನ್ನೇ ಕಳಿಸುತ್ತಿರುವ
ವಸಂತ್
ರಾಗಿಗುಡ್ಡ, ಶಿವಮೊಗ್ಗ