ಮೂರನೆ ದೀಪದ ನಂತರ

ಮಾರ್ಚ್ 9, ಭಾನುವಾರ

ಬೆಳಿಗ್ಗೆ ಹುಲ್ಲು ಕತ್ತರಿಸಿದೆ. ಪಕ್ಕದ ಮನೆಯವರದ್ದಕ್ಕಿಂತ ನಮ್ಮದೇ ನೇರ. ಆಮೇಲೆ ಬ್ಲಾಗು. ಈ ವಾರ ಅನಸೂಯಾಳ ಹುರುಳಿಕಾಳಿನ ಬಸ್ಸಾರು. ಅವಳು ಹೇಳುತ್ತಾಳೆ, ನಾನು ಟೈಪ್ ಮಾಡುತ್ತೇನೆ. ಆರು ವರ್ಷದಿಂದ ಇದೇ ಪದ್ಧತಿ. ಓದುವವರು ದಿನಕ್ಕೆ ನಲವತ್ತು ಜನ. ಹೆಚ್ಚಿನವರು ರೂಮ್ ಮಾಡಿಕೊಂಡಿರುವ ಸ್ಟೂಡೆಂಟ್‌ಗಳು, ಒಗ್ಗರಣೆ ಸೀಯಿಸಿಕೊಂಡ ಮೇಲೆ ಬರುವವರು.

ಬ್ಲಾಗಿಗೆ ಹಿನ್ನೆಲೆ ಸಂಗೀತ ಬೇಕು ಅನ್ನುವುದು ನನ್ನ ಹಳೆಯ ಆಸೆ. ಅನಸೂಯಾ ಹಾಡನ್ನು ರೆಕಾರ್ಡ್ ಮಾಡಲು ಬಿಟ್ಟವಳೇ ಅಲ್ಲ. ಗಣೇಶನ ಹಬ್ಬದಲ್ಲಿ ಮೈಕ್ ಕೊಟ್ಟರೆ ಹಿಂದಿನ ಸಾಲಿಗೆ ಹೋಗಿ ನಿಲ್ಲುತ್ತಿದ್ದಳು. ಹೋದ ಭಾನುವಾರ ತಾನಾಗಿಯೇ ಬಾಯಿಬಿಟ್ಟಳು — "ರೀ, ನಂದೇ ಹಾಕಿ. ಏಳು ದೀಪದ ಹಾಡು." ಅವಳ ಅಜ್ಜಿ ಕುಣಿಗಲ್ಲಿನ ಚನ್ನಕ್ಕ ಕಲಿಸಿದ್ದು. ಒಂದೊಂದು ದೀಪಕ್ಕೂ ನಾಲ್ಕು ಸಾಲು.

ಅಡುಗೆಮನೆ ಕಟ್ಟೆಯ ಮೇಲೆ ಫೋನ್ ಇಟ್ಟು ಆನ್ ಮಾಡಿ, ಕೊತ್ತಂಬರಿ ಸೊಪ್ಪು ತರಲು ಗಿರಾವೀನ್‌ನ ಇಂಡಿಯನ್ ಅಂಗಡಿಗೆ ಹೋದೆ. ಬಂದಾಗ ಒಂಬತ್ತು ನಿಮಿಷದ ಫೈಲು ಸಿದ್ಧ. ನಾನು ಸಾಫ್ಟ್‌ವೇರ್ ಟೆಸ್ಟರ್. ಬೇರೆಯವರ ತಪ್ಪು ಹುಡುಕಿ ಸಂಬಳ ತೆಗೆದುಕೊಳ್ಳುವವನು. ಶುರು ಕೇಳಿದೆ, ಕೊನೆ ಕೇಳಿದೆ. ಎರಡು ತುದಿ ಸರಿ ಇದ್ದರೆ ನಡುವಿನದು ಸರಿ ಇರುತ್ತದೆ. ಇವತ್ತು ಹಾಕಿಬಿಟ್ಟೆ. ಪೇಜ್ ತೆರೆದರೆ ಸಾಕು, ತಾನೇ ಹಾಡುತ್ತದೆ.

"ಇನ್ನೂ ಸ್ವಲ್ಪ ಜೋರಾಗಿಡಿ" ಅಂದಳು. ಆಶ್ಚರ್ಯ.

ಮಾರ್ಚ್ 11, ಮಂಗಳವಾರ

ಅನಘಾ ಮೆಲ್ಬರ್ನ್‌ನಿಂದ ಫೋನ್ ಮಾಡಿ ಬೈದಳು. ಮಗಳ ಕೈಲಿ ಬೈಸಿಕೊಳ್ಳುವ ವಯಸ್ಸು ಬಂತು. ಆಫೀಸಿನಲ್ಲಿ ಯಾರಿಗೋ ಅಮ್ಮನ ಬ್ಲಾಗ್ ತೋರಿಸಲು ಹೋದಳಂತೆ. ಇಡೀ ಫ್ಲೋರ್ ತುಂಬ ಅಮ್ಮನ ದನಿ.

"ಅಪ್ಪಾ, ಆಟೋಪ್ಲೇ? ಸೀರಿಯಸ್ಲಿ? ಜನ ಟ್ಯಾಬ್ ಕ್ಲೋಸ್ ಮಾಡ್ಕೊಂಡು ಹೋಗ್ತಾರೆ."

ಮಾತಿನಲ್ಲಿ ನ್ಯಾಯವಿದೆ. ಸರಿಪಡಿಸಿದೆ. ಈಗ ತಾನಾಗಿ ಹಾಡುವುದಿಲ್ಲ. ಮೂಲೆಯಲ್ಲಿ ಪುಟ್ಟ ಬಟನ್, ಬೇಕಾದವರು ಒತ್ತಬೇಕು. ವಾಲ್ಯೂಮ್ ಇಪ್ಪತ್ತು ಪರ್ಸೆಂಟ್. ಯಾರಿಗೂ ಕಿರಿಕಿರಿ ಇಲ್ಲ. ಅನಸೂಯಾಳಿಗೆ ತೋರಿಸಿದೆ. "ಹಾಗಾದ್ರೆ ಯಾರು ಕೇಳ್ತಾರೆ?" ಅಂದಳು. ಮುಖ ಸಣ್ಣದಾಯಿತು. ಹಿನ್ನೆಲೆ ಸಂಗೀತ ಅಂದರೆ ಕೇಳಿಯೂ ಕೇಳದ ಹಾಗಿರಬೇಕು ಅಂತ ಪಾಠ ಮಾಡಿದೆ.

ಇನ್ನೊಂದು — ಸುಘೋಷ್ ಅನ್ನುವ ಹುಡುಗನ ಕಾಮೆಂಟ್. "ಅಂಕಲ್, ಬಸ್ಸಾರಲ್ಲಿ ಉಪ್ಪು ಎರಡು ಸಲ ಹಾಕಿಸಿದ್ದೀರಿ. ಬಾಯಿಗಿಡೋಕೆ ಆಗಲಿಲ್ಲ." ನನ್ನ ಟೈಪಿಂಗ್ ತಪ್ಪು. ಕ್ಷಮೆ ಕೇಳಿ ತಿದ್ದಿದೆ.

ಮಾರ್ಚ್ 16, ಭಾನುವಾರ

ಒಬ್ಬರು ಬಟನ್ ಒತ್ತಿದ್ದಾರೆ! ಮೆಲ್ಬರ್ನ್ ಹತ್ತಿರದ ಡ್ಯಾಂಡಿನಾಂಗ್‌ನಿಂದ, ಶೈಲಶ್ರೀ ಅಂತ. ಬರೆದಿದ್ದಾರೆ: "ಹಾಡು ತುಂಬ ಹಿಡಿಸಿತು. ಆದರೆ ನಿಮ್ಮ ಲೂಪ್ ಸರಿ ಇಲ್ಲ. ಮೂರನೆ ದೀಪ ಆದ ಮೇಲೆ ಮತ್ತೆ ಮೊದಲನೆ ದೀಪಕ್ಕೆ ಹೋಗುತ್ತೆ. ಮಿಕ್ಕ ನಾಲ್ಕು ದೀಪ ಎಲ್ಲಿ?"

ಪ್ಲೇಯರ್‌ನ ತೊಂದರೆ ಇರಬೇಕು. ಬಿಟ್ಟಿ ಸಾಫ್ಟ್‌ವೇರ್, ಇನ್ನೇನು. ಬದಲಾಯಿಸಿ "ಸರಿ ಮಾಡಿದ್ದೇನೆ, ಧನ್ಯವಾದ" ಅಂತ ಉತ್ತರ ಹಾಕಿದೆ.

ಮಾರ್ಚ್ 19, ಬುಧವಾರ

ಶೈಲಶ್ರೀ ಮತ್ತೆ: "ಇಲ್ಲ ಸರ್. ಹಾಗೇ ಇದೆ."

ಕೋಪ ಬಂತು. ಮೂವತ್ತು ವರ್ಷ ಇದೇ ಕೆಲಸ ಮಾಡಿದವನಿಗೆ ಸರಿ ಆಗಿಲ್ಲ ಅಂತ ಹೇಳುತ್ತಾರೆ. ಬೇರೆ ಫೋನು, ಬೇರೆ ಬ್ರೌಸರ್, ಎಲ್ಲ ಹಾಕಿ ನೋಡಿದೆ. ಮೊದಲ ಒಂದು ನಿಮಿಷ ಎಲ್ಲದರಲ್ಲೂ ಚೆನ್ನಾಗಿಯೇ ಬರುತ್ತದೆ. ಶನಿವಾರ ಕೂತು ಒಂದು ಕೈ ನೋಡಬೇಕು.

ಮಾರ್ಚ್ 22, ಶನಿವಾರ, ಬೆಳಿಗ್ಗೆ 11

ಅನಸೂಯಾ ಕೂದಲು ಕತ್ತರಿಸಿಕೊಳ್ಳಲು ಹೋಗಿದ್ದಾಳೆ, ಮೆಟ್ರೋದಲ್ಲಿ. ಅವಳ ಕಾರು ಮನೆಯಲ್ಲೇ ಇದೆ. ಜನವರಿಯಿಂದ ಸ್ಟಿಯರಿಂಗ್ ಮುಟ್ಟಿಲ್ಲ. ಮಂಡಿ ನೋವಂತೆ.

ಹೆಡ್‌ಫೋನ್ ಹಾಕಿಕೊಂಡು ಮೂಲ ಫೈಲನ್ನೇ ತೆರೆದೆ. ಬ್ಲಾಗಿಲ್ಲ, ಪ್ಲೇಯರ್ ಇಲ್ಲ, ಲೂಪ್ ಇಲ್ಲ. ಬರೀ ರೆಕಾರ್ಡಿಂಗ್.

ಒಂದನೆ ದೀಪ ಹೊಸ್ತಿಲಿಗೆ. ಎರಡನೆ ದೀಪ ತುಳಸಿಗೆ. ಮೂರನೆ ದೀಪ ಬಾವಿಯ ಕಟ್ಟೆಗೆ. ಆಮೇಲೆ — ಒಂದನೆ ದೀಪ ಹೊಸ್ತಿಲಿಗೆ.

ಫೈಲೇ ಹಾಳಾಗಿದೆ ಅಂದುಕೊಂಡೆ. ಹಿಂದೆ ಹೋಗಿ ಮತ್ತೆ ಕೇಳಿದೆ. ಮೊದಲನೆ ಸುತ್ತಿನಲ್ಲಿ ಕುಕ್ಕರ್ ಎರಡು ಸಲ ಕೂಗಿತು. ಎರಡನೆ ಸುತ್ತಿನಲ್ಲಿ ಕೂಗಲಿಲ್ಲ. ಮೂರನೆಯದರಲ್ಲಿ ನಲ್ಲಿ ನೀರಿನ ಸದ್ದು.

ಲೂಪ್ ಆಗಿದ್ದರೆ ಕುಕ್ಕರ್ ಕೂಡ ಲೂಪ್ ಆಗಬೇಕಿತ್ತು.

ಫೈಲು ಸರಿ ಇದೆ. ಒಂದು ಕಡೆಯೂ ತುಂಡಾಗಿಲ್ಲ. ಅನಸೂಯಾ ಐದು ಸಲ ಮೂರನೆ ದೀಪದವರೆಗೆ ಹೋಗಿ, ಐದು ಸಲವೂ ಹೊಸ್ತಿಲಿಗೆ ವಾಪಸ್ ಬಂದಿದ್ದಾಳೆ. ನಡುವಿನ ಸುತ್ತೊಂದು ಮುಗಿಯುವ ಹೊತ್ತಿಗೆ ಹಾಡು ನಿಂತು, ಸಣ್ಣ ದನಿಯಲ್ಲಿ — "ಆಮೇಲೇನು... ಆಮೇಲೇನೇ ಅನಸೂಯಾ?"

ಈ ಅಕ್ಷರ ನಾಳೆ ನನಗೇ ಓದಲು ಬರುವುದಿಲ್ಲ.

ಅದೇ ದಿನ, ಮಧ್ಯಾಹ್ನ 2

ಅವಳು ಬಂದಳು. ಕೂದಲು ಚೆನ್ನಾಗಿದೆ ಅಂದೆ. ನಕ್ಕಳು. ಅನ್ನ ಬಡಿಸಿದಳು. ಎಲ್ಲ ಮಾಮೂಲಿನ ಹಾಗೇ ಇದೆ, ಅದೇ ಹೆದರಿಕೆ.

ಬಸ್ಸಾರು ಟೈಪ್ ಮಾಡಿದ್ದು ಈಗ ನೆನಪಾಗುತ್ತಿದೆ. ಉಪ್ಪು ಎರಡು ಸಲ ಹಾಕಿದ್ದು ನಾನಲ್ಲ. ಅವಳು ಎರಡು ಸಲ ಹೇಳಿದ್ದಳು, ನಾನು ಹೇಳಿದಂತೆ ಹೊಡೆದಿದ್ದೆ. ನನ್ನ ಕಿವಿ ಎಲ್ಲಿತ್ತು? ಐವತ್ತಾರು ವರ್ಷ ಅವಳಿಗೆ. ಐವತ್ತಾರು!

ಮಿಕ್ಕ ದೀಪಗಳನ್ನು ನಾನೇ ನೆನಪಿಸಿಕೊಳ್ಳಲು ನೋಡಿದೆ. ಮದುವೆಯಾಗಿ ಮೂವತ್ತೊಂದು ವರ್ಷ. ಎಷ್ಟು ಸಾವಿರ ಬೆಳಿಗ್ಗೆ ಈ ಹಾಡು ಕೇಳಿದ್ದೇನೆ. ನಾಲ್ಕನೆಯ ದೀಪ ಎಲ್ಲಿಗೆ ಅಂತ ನನಗೂ ಗೊತ್ತಿಲ್ಲ. ನಾನು ಯಾವತ್ತೂ ಕೇಳಿಸಿಕೊಂಡಿಲ್ಲ. ನಾಚಿಕೆಯಾಗುತ್ತಿದೆ.

ಬ್ಲಾಗಿನಿಂದ ಹಾಡು ತೆಗೆದೆ.

ಮಾರ್ಚ್ 23, ಭಾನುವಾರ

ಕಾಫಿ ಕೊಡುತ್ತಾ ಅವಳೇ ಕೇಳಿದಳು.

"ಹಾಡು ಯಾಕ್ರೀ ತೆಗೆದ್ರಿ?"

"ಏನೋ ಬಗ್ ಇತ್ತು."

"ಪೂರ್ತಿ ಕೇಳಿದ್ರಾ?"

ಸುಳ್ಳು ಹೇಳಲು ಬಾಯಿ ಬರಲಿಲ್ಲ. ಹೂಂ ಅಂದೆ. ಎದುರಿಗೆ ಕೂತಳು. ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು.

"ಅಂತೂ ಕೇಳಿದ್ರಲ್ಲ. ಸದ್ಯ. ಹೇಳೋದು ಹೇಗೆ ಅಂತ ಮೂರು ತಿಂಗಳಿಂದ ಒದ್ದಾಡ್ತಿದ್ದೆ."

ಜನವರಿಯಲ್ಲಿ ಮೆಲ್ಬರ್ನ್‌ಗೆ ಹೋದದ್ದು ಅನಘಾಳ ಹೊಸ ಮನೆ ನೋಡುವುದಕ್ಕಲ್ಲ. ಡಾಕ್ಟರಿಗೆ ತೋರಿಸುವುದಕ್ಕೆ. ಸ್ಕ್ಯಾನ್ ಆಗಿದೆ. ಮರೆವಿನ ಕಾಯಿಲೆ, ಹೆಸರೂ ಹೇಳಿದ್ದಾರೆ. ಮಂಡಿ ನೋವಿಲ್ಲ. ಒಂದು ದಿನ ಕೆಲ್ಲಿವಿಲ್‌ನ ನಮ್ಮದೇ ರಸ್ತೆಯಲ್ಲಿ ಕಾರು ನಿಲ್ಲಿಸಿಕೊಂಡು, ಯಾವ ಮನೆ ಅಂತ ತಿಳಿಯದೆ ಇಪ್ಪತ್ತು ನಿಮಿಷ ಕೂತಿದ್ದಳಂತೆ. ಆವತ್ತು ನಾನು ಒಳಗೆ ಕ್ರಿಕೆಟ್ ನೋಡುತ್ತಿದ್ದೆನಂತೆ.

ಕೊನೆಗೆ ಕೇಳಿದೆ.

"ಹಾಗಾದ್ರೆ ಹಾಡು ಯಾಕೆ ಬ್ಲಾಗಿಗೆ ಹಾಕಿಸ್ದೆ? ಊರಿಗೆಲ್ಲ ಗೊತ್ತಾಗ್ಲಿ ಅಂತಾನಾ?"

"ಯಾರಿಗಾದ್ರೂ ಮುಂದಿನ್ದು ಗೊತ್ತಿದ್ರೆ ಹೇಳ್ತಾರೆ ಅಂತ. ಕುಣಿಗಲ್ ಕಡೆಯೋರು ಒಬ್ರಾದ್ರೂ ಓದ್ತಿರಲ್ವಾ? ಅಜ್ಜಿ ಹೋಗಿ ಎಷ್ಟು ವರ್ಷ ಆಯ್ತು, ನಾನಿನ್ಯಾರನ್ನ ಕೇಳ್ಲಿ?" ಆಮೇಲೆ ಮೆಲ್ಲಗೆ, "ಜೋರಾಗಿಡಿ ಅಂದೆ. ನೀವು ಇಪ್ಪತ್ತು ಪರ್ಸೆಂಟ್ ಇಟ್ರಿ."

ಮಾರ್ಚ್ 24, ಸೋಮವಾರ

ಆಫೀಸಿಗೆ ಹೋಗಲಿಲ್ಲ. ಅನಘಾಳಿಗೆ ಫೋನ್ ಮಾಡಿ ಕೂಗಾಡಿದೆ. ಮೂರು ತಿಂಗಳು! ತಂದೆ ಅನ್ನುವ ಪ್ರಾಣಿ ಇದ್ದಾನೆ ಅನ್ನುವುದೇ ಮರೆತಿದ್ದೀರಾ ಅಂತೆಲ್ಲ ಅಂದೆ. ಅವಳು ಅಳುತ್ತಲೇ ಹೇಳಿದಳು —

"ಅಮ್ಮ ಪ್ರಾಮಿಸ್ ಮಾಡಿಸ್ಕೊಂಡಿದ್ಲು. ಅಪ್ಪಾ, ಯು ಫಿಕ್ಸ್ ಥಿಂಗ್ಸ್. ಏನಿದ್ರೂ ಬಗ್ ಅಂತ ಸರಿಮಾಡೋಕೆ ಹೊರಡ್ತೀಯ. ತನ್ನನ್ನ ಬಗ್ ಥರ ನೋಡೋದು ಅಮ್ಮಂಗೆ ಬೇಡ್ವಾಗಿತ್ತು."

ಫೋನ್ ಇಟ್ಟೆ.

ಸಂಜೆ ಹಾಡು ವಾಪಸ್ ಹಾಕಿದೆ. ಪುಟದ ತಲೆಯ ಮೇಲೇ. ಬಟನ್ ದೊಡ್ಡದು. ವಾಲ್ಯೂಮ್ ನೂರು. ಕೆಳಗೆ ಬರೆದೆ: ಮುಂದಿನ ದೀಪ ಗೊತ್ತಿದ್ದವರು ದಯವಿಟ್ಟು ತಿಳಿಸಿ. ಕಿರಿಕಿರಿಯಾದವರು ಹೋಗಲಿ.

ಏಪ್ರಿಲ್ 12, ಶನಿವಾರ, ಮೆಲ್ಬರ್ನ್

ಮೂರು ವಾರ ಬರೆಯಲು ಮನಸ್ಸಿರಲಿಲ್ಲ.

ನಿನ್ನೆ ಡಾಕ್ಟರ್. ಈ ಸಲ ನಾನೂ ಒಳಗೆ ಕೂತಿದ್ದೆ. ಎಷ್ಟು ಸಮಯ ಇದೆ ಅಂತ ಕೇಳಿದೆ. ಹೇಳಲಾಗುವುದಿಲ್ಲ ಅಂದರು. ಇನ್ನೊಮ್ಮೆ ಕೇಳಿದೆ. ಅನಸೂಯಾ ಮೇಜಿನ ಕೆಳಗೆ ನನ್ನ ಕಾಲು ತುಳಿದಳು.

ಇವತ್ತು ಶೈಲಶ್ರೀಯನ್ನು ನೋಡಲೇಬೇಕು ಅಂತ ಹಟ ಹಿಡಿದಳು. "ಕೊನೇತನಕ ಕೇಳಿದೋಳು ಅವಳೊಬ್ಬಳೇ" ಅಂತ. ಮೆಸೇಜ್ ಮಾಡಿದೆ. ಅನಘಾ ಡ್ಯಾಂಡಿನಾಂಗ್‌ಗೆ ಕರೆದುಕೊಂಡು ಹೋದಳು. ಮಾರ್ಕೆಟ್ ಪಕ್ಕದ ಚಹಾದಂಗಡಿ. ಸಣ್ಣ ಹುಡುಗಿ, ವೇರ್‌ಹೌಸ್‌ನಲ್ಲಿ ಪ್ಯಾಕಿಂಗ್ ಕೆಲಸ. ಏಳು ದೀಪದಲ್ಲಿ ಅವಳಿಗೆ ಒಂದೂ ಗೊತ್ತಿರಲಿಲ್ಲ. ಊರು ಬಳ್ಳಾರಿಯ ಕಡೆ.

"ಗೊತ್ತಿದ್ರೆ ನಾ ಯಾಕ್ ಕೇಳ್ತಿದ್ದೆ ಆಂಟಿ? ಪ್ಯಾಕಿಂಗ್ ಮಾಡ್ತಾ ದಿನಾ ಹಾಕ್ಕೊಂಡಿರ್ತೀನಿ. ಈಗ ನಂಗೂ ಮೂರು ದೀಪ ಬಂತು ನೋಡ್ರಿ."

ಹಾಡಿದಳು. ಅನಸೂಯಾಳ ಎಳೆತವೇ, ಉಸಿರು ತೆಗೆದುಕೊಳ್ಳುವ ಜಾಗವೂ ಅದೇ. ಹೊಸ್ತಿಲು, ತುಳಸಿ, ಬಾವಿಯ ಕಟ್ಟೆ. ಆಮೇಲೆ ಅದೇ ರಾಗದಲ್ಲಿ, ಕಣ್ಣು ಮುಚ್ಚಿಕೊಂಡು — "ಆಮೇಲೇನು, ಆಮೇಲೇನೇ ಅನಸೂಯಾ..."

ಅನಘಾ ಮುಖ ಆ ಕಡೆ ತಿರುಗಿಸಿದಳು. ಹುಡುಗಿಗೆ ಗಾಬರಿ.

"ಅದೂ ಹಾಡಲ್ಲೇ ಐತಿ ಅಂದ್ಕೊಂಡಿದ್ದೆ. ತಪ್ಪಾಯ್ತಾ ಆಂಟಿ?"

ಅನಸೂಯಾ ನಕ್ಕಳು, ಕಣ್ಣಲ್ಲಿ ನೀರು ಬರುವಷ್ಟು. "ಹಾಡಲ್ಲೇ ಇದೆ ಕಣೇ. ಹಾಗೇ ಹಾಡು" ಅಂದಳು. ಇಷ್ಟು ತಿಂಗಳಲ್ಲಿ ಅವಳು ಹಾಗೆ ನಕ್ಕದ್ದು ಇವತ್ತೇ.

ಮೇ 4, ಭಾನುವಾರ, ಬೆಳಿಗ್ಗೆ 8.40

ಬ್ಲಾಗಿನಲ್ಲಿ ಇನ್ನೂ ಯಾರೂ ಮುಂದಿನ ದೀಪ ಹೇಳಿಲ್ಲ. ಲೂಪ್ ಸರಿ ಮಾಡಿ ಅಂತ ಇನ್ನಿಬ್ಬರು ಬರೆದಿದ್ದಾರೆ. ಉತ್ತರ ಕೊಟ್ಟಿಲ್ಲ.

ಅಡುಗೆಮನೆ ಮೇಜಿನಲ್ಲೇ ಕೂತು ಬರೆಯುತ್ತಿದ್ದೇನೆ. ಅವಳು ಅಕ್ಕಿ ತೊಳೆಯುತ್ತಿದ್ದಾಳೆ. ಹಾಡುತ್ತಿದ್ದಾಳೆ, ತನ್ನ ಪಾಡಿಗೆ. ಹೊಸ್ತಿಲು ಆಯಿತು. ತುಳಸಿ. ನನಗೆ ಈಗ ಪ್ರತಿ ಅಕ್ಷರ ಕೇಳಿಸುತ್ತದೆ. ಬಾವಿಯ ಕಟ್ಟೆ

ನಾಲ್ಕನೆ ದೀಪ ತೊಟ್ಟಿಲಿಗೆ!

ಫೋನ್ ಮಹಡಿಯ ಮೇಲಿದೆ. ಎದ್ದರೆ ನಿಲ್ಲಿಸುತ್ತಾಳೆ. ಈ ಡೈರಿಯಲ್ಲೇ ಬರೆಯುತ್ತೇನೆ.

ಐದನೆ ದೀಪ ಒಲೆಯ ಗೂಡಿಗೆ

ನಾಲ್ಕು ಸಾಲು ಪೂರ್ತಿ ಹಿಡಿಯಲು ಆಗುತ್ತಿಲ್ಲ, ಮೊದಲ ಸಾಲಾದರೂ

ಆರನೆ ದೀಪ ದಾರಿ ಮರೆತು ಬಂದೋರಿಗೆ

ನಿಲ್ಲಿಸಿದಳು. ಕೈ ಅಕ್ಕಿಯಲ್ಲೇ ಇದೆ. ನನ್ನ ಕಡೆ ನೋಡುತ್ತಿದ್ದಾಳೆ. ಆಮೇಲೇನು ಅಂತ ಕೇಳಬಾರದು, ಕೇಳಬಾರದು. ತುಟಿ ಅಲುಗಿತು

ಏಳನೆ ದೀಪ