ಮೂರನೆಯ ಕೂಗಿನ ಹಿಂದೆ

ಮಂಗಳವಾರ, ಫೆಬ್ರುವರಿ ೧೧

ಭಾವನ ಧ್ವನಿಮುದ್ರಣವನ್ನು ಇಂದು ಹದಿನೇಳನೆಯ ಸಲ ಕೇಳಿದೆ. ಹತ್ತು ವರ್ಷಗಳಿಂದ ಯಾರಿಗೂ ಸಿಗದ ಜೊಂಡುಕೋಳಿ ಕೆರೆಯಂಚಿನಲ್ಲಿ ಕೂಗಿದೆಯೆಂದು ಅವನು ನಾಳೆ ಪಕ್ಷಿವೀಕ್ಷಕರ ಸಂಘದಲ್ಲಿ ಘೋಷಿಸುವನಂತೆ. ಕೂಗು ತೀರ ಕ್ಷೀಣ. ದೃಢೀಕರಣಕ್ಕೆ ಧ್ವನಿತಂತ್ರಜ್ಞನಾದ ನನ್ನ ಸಹಿ ಬೇಕಂತೆ.

"ಹಕ್ಕಿ ವಿಷ್ಯ ನಂಗೆ ಬಿಡಯ್ಯಾ ವೈರ್‌ಮ್ಯಾನ್, ನೀನು ಸುಮ್ನೆ ಒಂದು ಸಹಿ ಗೀಚು," ಎಂದು ಊಟದ ಮೇಜಿನಲ್ಲಿ ಹೇಳಿದ. ಅಕ್ಕ ನಕ್ಕಳು.

ಗಾಳಿಯ ಸದ್ದನ್ನು ಸೋಸಿ ತೆಗೆದಾಗ ಮೂರನೆಯ ಕೂಗಿನ ಹಿಂದೆ ಒಂದು ಕೆಮ್ಮು ಕೇಳಿಸಿತು. ಅದು ನನ್ನ ಕೆಮ್ಮು. ಹತ್ತು ವರ್ಷಗಳ ಹಿಂದೆ ಆ ಹಕ್ಕಿಯ ಕೂಗನ್ನು ಕೊನೆಯ ಬಾರಿ ಮುದ್ರಿಸಿಕೊಂಡವನು ನಾನೇ; ಆಗ ಕೆಮ್ಮಿದ್ದೂ ಅದರಲ್ಲಿ ಉಳಿದಿದೆ. ಹಕ್ಕಿ ಓಗೊಡಲೆಂದು ಭಾವ ಅದೇ ತುಣುಕನ್ನು ದಂಡೆಯಲ್ಲಿ ಫೋನಿನಿಂದ ಕೇಳಿಸಿದ್ದಾನೆ. ದೂರದ ಮರಕ್ಕೆ ಅವನೇ ಕಟ್ಟಿದ್ದ ರೆಕಾರ್ಡರ್ ಅದನ್ನು ಹಿಡಿದಿಟ್ಟಿದೆ; ಅದನ್ನೇ ಅವನು ಹಕ್ಕಿಯ ಕೂಗೆಂದು ನಂಬಿದ್ದಾನೆ.

ಈಗಲೇ ತಿಳಿಸುವುದು ಸಭ್ಯತೆ. ನಾನು ತಿಳಿಸುವುದಿಲ್ಲ, ಸಹಿಯನ್ನೂ ಹಾಕುವುದಿಲ್ಲ. ಅವನು ಎದ್ದು ನಿಂತು ಎಲ್ಲರಿಗೂ ಕೇಳಿಸಲಿ. ಚಪ್ಪಾಳೆ ನಿಂತ ಮೇಲೆ ಸೋಸಿದ ಪ್ರತಿಯನ್ನು ನಾನು ಕೇಳಿಸುತ್ತೇನೆ, ಜೋರಾಗಿ. ಬಳಿಕ ಹಿಂದಿನ ಸಾಲಿನಿಂದ ಒಮ್ಮೆ ಕೆಮ್ಮುತ್ತೇನೆ.

ಅಕ್ಕ ಮುಂದಿನ ಸಾಲಿನಲ್ಲಿಯೇ ಕುಳಿತಿರುತ್ತಾಳೆ. ಅವಳು ತಿರುಗಿ ನೋಡಿದರೆ ಆ ಕೆಮ್ಮು ನನಗೆ ಬರುವುದೋ ಇಲ್ಲವೋ.