ಎರಡು ಕಾಲರಿನ ಅಂಗಿ

ಮಾರ್ಚ್ ೧೧, ಮಂಗಳವಾರ

ಇವತ್ತು ನನ್ನ ಕೈಯಲ್ಲಿ ಕುಡಿಯುವ ನೀರು ಕೆಟ್ಟಿತು. ಕಾಗದದ ಮೇಲೆ ಮಾತ್ರ, ಪುಣ್ಯ.

ನಾಳೆ ಮಗಳಿಗೆ ರಸಾಯನಶಾಸ್ತ್ರದ ಪರೀಕ್ಷೆ. ಹೋದ ಸಲ ಸಮೀಕರಣ ಸರಿದೂಗಿಸಲಾಗದೆ ಅಳುತ್ತ ಬಂದಿದ್ದಳು. ಹೈಡ್ರೋಜನ್ನೂ ಆಕ್ಸಿಜನ್ನೂ ಸೇರಿ ನೀರಾಗಬೇಕು. ಆಕ್ಸಿಜನ್ ಜೋಡಿಯಾಗೇ ಬರುವುದರಿಂದ ಅದರ ಒಂದು ಪರಮಾಣು ಸುಮ್ಮನೆ ಉಳಿದುಬಿಡುತ್ತಿತ್ತು. ಮಹಾಪಂಡಿತನಾದ ನಾನು H₂Oದ ಬುಡದಲ್ಲಿ ಇನ್ನೊಂದು ಪುಟ್ಟ ಎರಡು ಬರೆದು, H₂O₂ ಮಾಡಿ, ಮೀಸೆ ತಿರುವಿದೆ.

"ಅಪ್ಪಾ, ಇದು ನೀರಲ್ಲ, ಗಾಯ ತೊಳೆಯೋ ಔಷಧಿ!"

ಹೊಲಿಗೆ ಯಂತ್ರ ನಿಂತಿತು. ನನ್ನ ಹೆಂಡತಿ ಏಳನೇ ಕ್ಲಾಸಿಗೇ ಶಾಲೆ ಬಿಟ್ಟವಳು, ಆಮೇಲೆ ಬೀದಿಗೆಲ್ಲ ಅಂಗಿ ಹೊಲಿದವಳು. ಮಗಳ ಗೋಳು ಪೂರ್ತಿ ಕೇಳಿ ನನ್ನ ಕಡೆ ತಿರುಗಿದಳು.

"ಒಂದು ಅಂಗಿಗೆ ಎರಡು ತೋಳು, ಒಂದು ಕಾಲರು. ಕಾಲರು ಉಳೀತು ಅಂತ ಅದೇ ಅಂಗಿಗೆ ಎರಡನೇದು ಹೊಲಿದ್ರೆ ಯಾರು ಹಾಕ್ಕೋತಾರ್ರೀ? ಇನ್ನೊಂದು ಅಂಗಿ ಹೊಲೀಬೇಕು. ತೋಳು ಸಾಲದಿದ್ರೆ ಇನ್ನೊಂದು ಜೊತೆ ಕತ್ತರಿಸ್ಬೇಕು."

ಮಗಳು ನಾನು ಬರೆದ ಪುಟ್ಟ ಎರಡನ್ನು ಅಳಿಸಿದಳು, ಬುಡದ ಬೇರೆ ಅಂಕಿಯನ್ನು ಮುಟ್ಟಲಿಲ್ಲ. ನೀರಿನ ಮುಂದೆ ದೊಡ್ಡದಾಗಿ ಎರಡು, ಹೈಡ್ರೋಜನ್ನಿನ ಮುಂದೆ ಇನ್ನೊಂದು ಎರಡು ಬರೆದಳು. ಎರಡೂ ಕಡೆ ಸರಿಹೋಯಿತು! ಆಮೇಲೆ ಹನ್ನೆರಡು ಸಮೀಕರಣಗಳನ್ನು "ತೋಳು, ಕಾಲರು" ಅಂತ ಗುನುಗುತ್ತ ಒಬ್ಬಳೇ ಮುಗಿಸಿದಳು.

ಆ ಯಂತ್ರದ ಸದ್ದಿಗೆ ನನ್ನ ಬರವಣಿಗೆ ಕೆಡುತ್ತದೆಂದು ಇಪ್ಪತ್ತು ವರ್ಷ ಗೊಣಗಿದವನು ನಾನು. ಇವತ್ತು ಬಾಯ್ತುಂಬ ಹೊಗಳೋಣವೆಂದು ಹೋದೆ.

"ಮಾತು ಸಾಕು, ಈ ಸೂಜಿಗೆ ದಾರ ಪೋಣಿಸಿ" ಅಂದಳು.

ನಾಲ್ಕನೇ ಸಲಕ್ಕೆ ಪೋಣಿಸಿದೆ. ಅದೂ ಅವಳು ನನ್ನ ಕೈ ಹಿಡಿದುಕೊಂಡಿದ್ದರಿಂದ...